ದೇವರ ಚಿತ್ತವೂ ನನ್ನ ವರ್ಗಾವಣೆ ಅರ್ಜಿಯೂ

ಸಂಪಾದಕರಿಗೆ,

ಮಾನ್ಯರೇ,

ದಿನನಿತ್ಯದ ಧ್ಯಾನದಿಂದ ಬದುಕಿನ ನಿರ್ಧಾರಗಳಿಗೆ ದಾರಿ ಕಂಡುಕೊಳ್ಳುವುದು ಹೇಗೆ ಎಂಬುದನ್ನು ಕುರಿತು ನಿಮ್ಮ ಭಾನುವಾರದ ಪುರವಣಿಯಲ್ಲಿ ಈಚೆಗೆ ಬಂದ ಲೇಖನವನ್ನೂ, ಮರುವಾರವೇ ಅದಕ್ಕೆ ಓದುಗರೊಬ್ಬರು ಬರೆದ ಖಾರವಾದ ಪ್ರತಿಕ್ರಿಯೆಯನ್ನೂ ಓದಿದೆ. ಬೆಳಿಗ್ಗೆ ಎದ್ದು ಪ್ರಾರ್ಥನೆ ಮಾಡಿ ಬೈಬಲು ತೆರೆದರೆ ಆ ದಿನಕ್ಕೆ ಬೇಕಾದ ಉತ್ತರ ತಾನಾಗಿ ಕಣ್ಣಿಗೆ ಬೀಳುತ್ತದೆ ಎಂದು ಲೇಖಕರು ಹೇಳಿದ್ದರು. ಪಾದ್ರಿಗಳ ದೇವರು ಯಾವಾಗಲೂ ಪಾದ್ರಿಗಳಿಗೆ ಅನುಕೂಲವಾದದ್ದನ್ನೇ ಹೇಳುತ್ತಾನಲ್ಲ, ಅದು ಹೇಗೆ ಎಂದು ಓದುಗರು ಕೇಳಿದ್ದರು. ಮೂವತ್ತನಾಲ್ಕು ವರ್ಷ ಸಭಾಪಾಲಕನಾಗಿದ್ದು, ಅಂದರೆ ಪಾದ್ರಿಯಾಗಿದ್ದು, ಈಗ ಧಾರವಾಡದಲ್ಲಿ ನೆಲೆಸಿರುವ ನಾನು ನ್ಯಾಯವಾಗಿ ಲೇಖಕರ ಪಕ್ಷ ವಹಿಸಬೇಕಾದವನು. ಆದರೆ ಎರಡನ್ನೂ ಮತ್ತೆ ಮತ್ತೆ ಓದಿದ ಮೇಲೆ, ಗೇಲಿ ಮಾಡಿದವರ ಪ್ರಶ್ನೆಯಲ್ಲಿಯೇ ಹೆಚ್ಚು ಹುರುಳಿದೆ ಎನ್ನಿಸಿದ್ದರಿಂದ ಈ ಪತ್ರ. ತುಸು ಉದ್ದವಾದರೆ, ಪ್ರಸಂಗಪೀಠದಿಂದ ಉಪದೇಶ ಮಾಡಿದವನ ಹಳೆಯ ಅಭ್ಯಾಸವೆಂದು ಕ್ಷಮಿಸಬೇಕು.

ಆ ಪ್ರಶ್ನೆಗೆ ನಾನೇ ಒಂದು ಉದಾಹರಣೆ. ದೀಕ್ಷೆಯಾಗಿ ಏಳೆಂಟು ವರ್ಷ ಕಳೆದಿತ್ತು. ಗದಗದ ಕಡೆಯ ಒಂದು ಚಿಕ್ಕ ಕ್ರೈಸ್ತ ಸಭೆಯಲ್ಲಿದ್ದೆ. ಮೂವತ್ತೆರಡು ಮನೆ, ಹೆಂಚಿನ ದೇವಾಲಯ, ಬೇಸಿಗೆಯಲ್ಲಿ ಐದು ದಿನಕ್ಕೊಮ್ಮೆ ನೀರು. ಒಂದು ಬೆಳಿಗ್ಗೆ ಧ್ಯಾನಕ್ಕೆ ಕೂತು ಬೈಬಲನ್ನು ಸುಮ್ಮನೆ ಬಿಚ್ಚಿದಾಗ ಆದಿಕಾಂಡದ ಹನ್ನೆರಡನೆಯ ಅಧ್ಯಾಯ ಬಂತು: ಸ್ವದೇಶವನ್ನೂ ಬಂಧುಬಳಗವನ್ನೂ ಬಿಟ್ಟು ನಾನು ತೋರಿಸುವ ದೇಶಕ್ಕೆ ಹೊರಡು ಎಂದು ಅಬ್ರಾಮನಿಗೆ (ಮುಂದೆ ಅಬ್ರಹಾಮನೆಂದು ಕರೆಯಿಸಿಕೊಂಡವನಿಗೆ) ಬಂದ ಕರೆ. ನನ್ನ ಮೈ ಜುಮ್ಮೆಂದಿತು. ಅದೇ ವಾರ ಶಹರದ ದೊಡ್ಡ ಸಭೆಗೆ ವರ್ಗಾವಣೆ ಕೋರಿ ಅರ್ಜಿ ಬರೆದೆ. ಸಭಾಸಮಿತಿಯ ಮುಂದೆ ಅದನ್ನು ಓದಿ, ಪ್ರಾರ್ಥನೆಯಲ್ಲಿ ಕರ್ತನು ನನಗೆ ಸ್ಪಷ್ಟವಾಗಿ ಮಾತಾಡಿದ್ದಾನೆ ಎಂದು ಹೇಳಿದೆ. ಯಾರೂ ಎದುರಾಡಲಿಲ್ಲ. ದೇವರೇ ಹೇಳಿದ ಮೇಲೆ ಎದುರಾಡುವವರು ಯಾರು? ಸಭೆ ಮುಗಿದ ಮೇಲೆ, ನೇಕಾರಿಕೆ ಮಾಡಿಕೊಂಡಿದ್ದ ಹಿರಿಯರೊಬ್ಬರು ಚಪ್ಪಲಿ ಮೆಟ್ಟಿಕೊಳ್ಳುತ್ತಾ ಮೆಲ್ಲಗೆ ಅಂದರು: "ಪಾಸ್ಟರ್ರ, ಮಗಳ ಸಾಲಿ ಸಲುವಾಗಿ ಹೊಂಟೀನಿ ಅಂತ ಹೇಳಿದ್ರ ನಾವ ಆ ಅರ್ಜಿಗೆ ಸಹಿ ಹಾಕಿಕೊಡ್ತಿದ್ವಿ. ನಡುವ ದೇವರನ್ನ ಯಾಕ ತಂದ್ರಿ?"

ಅವರು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ನನ್ನ ಮಗಳಿಗೆ ಆಗ ಆರು ವರ್ಷ. ಒಳ್ಳೆಯ ಶಾಲೆ ಬೇಕೆಂಬುದು ಪಾಪವಲ್ಲ. ಬಿಷಪ್ಪರಿಗೆ ನೇರವಾಗಿ ಬರೆಯಬಹುದಾಗಿದ್ದ ಕಾರಣವದು. ಆದರೆ ಸಾಧಾರಣವಾದ ಒಂದು ಮನುಷ್ಯ ಬಯಕೆಯನ್ನು ಒಪ್ಪಿಕೊಳ್ಳಲು ನಾಚಿ, ಅದಕ್ಕೆ ಅಬ್ರಹಾಮನ ಅಂಗಿ ತೊಡಿಸಿದ್ದೆ. ಬೇರೆ ಯಾವ ದಿನ ಬಿಚ್ಚಿದ್ದರೂ ಯಾಜಕಕಾಂಡದ ಕುಷ್ಠರೋಗದ ನಿಯಮಗಳು ಬಂದಿರುತ್ತಿದ್ದವು. ಆಗ ಅದು ನನಗಲ್ಲ ಎಂದು ಹಾಳೆ ತಿರುವಿರುತ್ತಿದ್ದೆ. ಅಂದರೆ ಆರಿಸಿದವನು ನಾನೇ, ದೇವರಲ್ಲ. ಅರ್ಜಿಯನ್ನು ಹಿಂದಕ್ಕೆ ತೆಗೆದುಕೊಂಡೆ.

ಈಗ ನಮ್ಮ ಸಭೆಗಳ ಒಂದು ಪದ್ಧತಿಯನ್ನು ಗಮನಿಸಬೇಕು. ಡಿಸೆಂಬರ್ 31ರ ರಾತ್ರಿಯ ಆರಾಧನೆಯ ಕೊನೆಯಲ್ಲಿ, ಹನ್ನೆರಡು ಹೊಡೆದು ಗಂಟೆ ಬಾರಿಸಿದ ಮೇಲೆ, ಕಾಣಿಕೆ ತಟ್ಟೆಯಲ್ಲಿ ವಾಗ್ದಾನದ ಕಾರ್ಡುಗಳನ್ನು ಹರಡಿ ಎಲ್ಲರ ಮುಂದೆ ಹಿಡಿಯುತ್ತಾರೆ. ಒಂದು ಬದಿಯಲ್ಲಿ ಗುಲಾಬಿ ಹೂವೋ ಸೂರ್ಯೋದಯವೋ, ಇನ್ನೊಂದು ಬದಿಯಲ್ಲಿ ಬೈಬಲಿನ ಒಂದು ವಚನ. ಕಣ್ಣು ಮುಚ್ಚಿ ಒಂದು ಎತ್ತಿಕೊಂಡರೆ ವರ್ಷವಿಡೀ ಅದು ನಮ್ಮ ವಾಗ್ದಾನ. ಬೀರುವಿನ ಕನ್ನಡಿಗೆ, ಅಂಗಡಿಯ ಗಲ್ಲಾಪೆಟ್ಟಿಗೆಗೆ, ಆಟೋದ ಮೀಟರಿನ ಪಕ್ಕಕ್ಕೆ ಅದನ್ನು ಅಂಟಿಸಿರುವುದನ್ನು ನೋಡಿದ್ದೇನೆ. ಒಂದು ವರ್ಷ ಓದು ಬಾರದ ವೃದ್ಧೆಯೊಬ್ಬರು ತಮ್ಮ ಕಾರ್ಡನ್ನು ಮೊಮ್ಮಗನಿಂದ ಓದಿಸಿ, ಮರುದಿನ ಬೆಳಿಗ್ಗೆ ನಮ್ಮ ಮನೆಗೆ ಬಂದು, "ಇದರಾಗ ತಾಳ್ಮಿ ಅಂತ ಐತ್ರಿ, ಬ್ಯಾರೆ ಕೊಡ್ರಿ" ಎಂದು ಕೇಳಿದರು. ನಗು ಬಂತು, ಆದರೂ ಬೇರೆ ಕೊಟ್ಟೆ. ಕೊಡಬಾರದಿತ್ತು ಎಂದು ಹೇಳುವ ಧೈರ್ಯ ಈಗಲೂ ಇಲ್ಲ. ನಾವೇ ಕಲಿಸಿದ ಆಟದ ನಿಯಮವನ್ನು ಅವರು ನಮಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡಿದ್ದರು, ಅಷ್ಟೆ.

ಆ ಕಾರ್ಡುಗಳಲ್ಲಿ ಅತಿ ಹೆಚ್ಚು ಬಾರಿ ಕೈಗೆ ಬರುವುದು ಪ್ರವಾದಿ ಯೆರೆಮೀಯನ ಗ್ರಂಥದ ಇಪ್ಪತ್ತೊಂಬತ್ತನೆಯ ಅಧ್ಯಾಯದ ಹನ್ನೊಂದನೆಯ ವಚನ: ನಿಮ್ಮ ವಿಷಯದಲ್ಲಿ ನನ್ನ ಯೋಚನೆಗಳು ಅಹಿತದವಲ್ಲ, ಹಿತದವು ಎಂದು ದೇವರು ಹೇಳುವ ಮಾತು. ಪರೀಕ್ಷೆ, ನೌಕರಿ, ವೀಸಾ, ಮದುವೆ ಎಲ್ಲಕ್ಕೂ ಅದು ಒದಗುತ್ತದೆ. ಆದರೆ ಅದು ಬಾಬೆಲಿಗೆ (ಬ್ಯಾಬಿಲೋನಿಗೆ) ಸೆರೆಹೋದ ಯೆಹೂದ್ಯರಿಗೆ ಪ್ರವಾದಿ ಬರೆದ ಪತ್ರದ ನಡುವಿನ ಒಂದು ಸಾಲು. ಅದರ ಹಿಂದಿನ ವಚನವೇ ಎಪ್ಪತ್ತು ವರ್ಷ ಕಾಯಬೇಕು ಎನ್ನುತ್ತದೆ. ಅಂದರೆ ಆ ಪತ್ರವನ್ನು ಕೈಯಲ್ಲಿ ಹಿಡಿದ ಬಹುಮಂದಿ ಊರಿಗೆ ಮರಳದೆ ಅಲ್ಲಿಯೇ ತೀರಿಕೊಳ್ಳುವವರು. ಅವರಿಗೆ ಸಿಕ್ಕ ಆಜ್ಞೆ ಏನೆಂದರೆ ಮನೆ ಕಟ್ಟಿಕೊಳ್ಳಿರಿ, ತೋಟ ಮಾಡಿಕೊಳ್ಳಿರಿ, ಮಕ್ಕಳ ಮದುವೆ ಮಾಡಿರಿ, ನಿಮ್ಮನ್ನು ಸೆರೆಯೊಯ್ದ ಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ. ಅದಕ್ಕಿಂತ ಸ್ವಾರಸ್ಯವಾದದ್ದು, ಕನಸುಗಳನ್ನು ಹೇಳಿ ನಿಮ್ಮನ್ನು ಮೋಸಗೊಳಿಸುವ ಪ್ರವಾದಿಗಳಿಗೆ ಕಿವಿಗೊಡಬೇಡಿರಿ ಎಂಬ ಎಚ್ಚರಿಕೆಯೂ ಅದೇ ಪತ್ರದಲ್ಲಿದೆ. ದೇವರು ನನಗೆ ಹೇಳಿದ್ದಾನೆ ಎಂದು ಸುಲಭವಾಗಿ ಹೇಳುವವರನ್ನು ನಂಬಬೇಡಿ ಎನ್ನುವ ಅಧ್ಯಾಯದಿಂದಲೇ ವಚನವೊಂದನ್ನು ಕತ್ತರಿಸಿ, ದೇವರು ನನಗೆ ಹೇಳಿದ್ದಾನೆ ಎನ್ನಲು ಬಳಸುತ್ತಿದ್ದೇವೆ.

ವಚನವನ್ನು ಚೀಟಿಯಂತೆ ಎತ್ತುವುದು ಹೊಸದೂ ಅಲ್ಲ, ನಮ್ಮವರದಷ್ಟೇ ಅಲ್ಲ. ಜರ್ಮನಿಯ ಹೆರ್ನ್‌ಹುಟ್ ಎಂಬ ಚಿಕ್ಕ ಊರಿನಲ್ಲಿ, ಇಂದಿನ ಚೆಕ್ ದೇಶದ ಮೊರಾವಿಯಾದಿಂದ ಓಡಿಬಂದ ವಿಶ್ವಾಸಿಗಳಿಗೆ ತನ್ನ ಜಮೀನಿನಲ್ಲಿ ನೆಲೆ ಕೊಟ್ಟಿದ್ದ ಕೌಂಟ್ ಜಿನ್ಜೆಂಡಾರ್ಫ್ 1728ರ ಮೇ 3ರ ಸಂಜೆ ಮರುದಿನಕ್ಕೆಂದು ಒಂದು ವಚನವನ್ನು ಸಭೆಗೆ ಕೊಟ್ಟ. ಆಮೇಲೆ ಪ್ರತಿ ಬೆಳಿಗ್ಗೆ ಊರಿನ ಮನೆಮನೆಗೆ ಒಬ್ಬರು ಆ ದಿನದ ವಚನವನ್ನು ಒಯ್ಯುವ ರೂಢಿ ಬೆಳೆಯಿತು. 1731ರಿಂದ ಅದು ವರ್ಷಕ್ಕೊಂದು ಪುಸ್ತಕವಾಗಿ ಅಚ್ಚಾಗುತ್ತಿದೆ, ಈಗ ಐವತ್ತಕ್ಕೂ ಹೆಚ್ಚು ಭಾಷೆಗಳಲ್ಲಿ. ಇಂದಿಗೂ ಬೈಬಲಿನ ಮೊದಲ ಭಾಗವಾದ ಹಳೆಯ ಒಡಂಬಡಿಕೆಯ ವಚನವನ್ನು ಹೆರ್ನ್‌ಹುಟ್ಟಿನಲ್ಲಿ ಚೀಟಿ ಎತ್ತಿಯೇ ಆರಿಸುತ್ತಾರೆ. ಹಾಗಾದರೆ ನಮ್ಮ ಕಾರ್ಡಿಗೂ ಅದಕ್ಕೂ ವ್ಯತ್ಯಾಸವೇನು? ಅಲ್ಲಿ ಇಡೀ ಊರಿಗೆ ಒಂದೇ ವಚನ. ಬಡಗಿಗೂ ಜಮೀನ್ದಾರನಿಗೂ ಒಂದೇ. ಇಷ್ಟವಾಗಲಿಲ್ಲವೆಂದು ಬದಲಾಯಿಸಿಕೊಳ್ಳುವಂತಿಲ್ಲ. ವಚನವನ್ನು ಒಯ್ದವನು ಮನೆಯವರ ಕ್ಷೇಮ ವಿಚಾರಿಸಿ, ಅವರ ಆತ್ಮದ ಸ್ಥಿತಿಯನ್ನು ತಿಳಿದುಕೊಂಡು ಬರುತ್ತಿದ್ದ; ವಚನಕ್ಕೆ ಕಾಲುಗಳಿದ್ದವು. ವಾಟ್ಸ್ಆ್ಯಪಿನಲ್ಲಿ ಬೆಳಗಿನ ಐದೂವರೆಗೆ ಇನ್ನೂರು ಜನಕ್ಕೆ ಹೂವಿನ ಚಿತ್ರದೊಡನೆ ವಚನ ಕಳಿಸಿ ಅದನ್ನೇ ಸಭಾಪಾಲನೆ ಎಂದುಕೊಳ್ಳುವ ನನ್ನ ಕಿರಿಯ ಮಿತ್ರರು ಇಷ್ಟನ್ನಾದರೂ ನೆನಪಿಡಲಿ.

ಆದರೆ ಅದೇ ಮೊರಾವಿಯನ್ನರು ಚೀಟಿಯನ್ನು ವಚನಕ್ಕಷ್ಟೇ ನಿಲ್ಲಿಸಲಿಲ್ಲ ಎಂಬುದನ್ನೂ ಹೇಳಬೇಕು. ಯಾರು ಯಾರನ್ನು ಮದುವೆಯಾಗಬೇಕು, ಯಾರು ಯಾವ ದೇಶಕ್ಕೆ ಸೇವೆಗೆ ಹೋಗಬೇಕು ಎಂಬುದನ್ನೂ ಚೀಟಿಗೆ ಬಿಟ್ಟರು. ದೇವರ ಚಿತ್ತದ ಮೇಲಿನ ಭಯಭಕ್ತಿಯೇ ಅದರ ಹಿಂದಿದ್ದುದು, ಸಂಶಯವಿಲ್ಲ. ಆದರೂ ಸಾಮಾನ್ಯ ಸದಸ್ಯರ ಮದುವೆಗೆ ಚೀಟಿ ಬೇಡವೆಂದು 1818ರಲ್ಲಿ ಅವರೇ ತೀರ್ಮಾನಿಸಿದರು. ಮುಂದೆ ಅದೇ ಶತಮಾನದ ಕೊನೆಗೆ ಆಡಳಿತದಿಂದಲೂ ಕೈಬಿಟ್ಟರು. ಧ್ಯಾನಕ್ಕೆ ವಚನವನ್ನು ಉಳಿಸಿಕೊಂಡು ನಿರ್ಧಾರದಿಂದ ಚೀಟಿಯನ್ನು ತೆಗೆದ ಆ ವಿವೇಕ ನಮಗೆ ಇನ್ನೂ ಬಂದಿಲ್ಲ.

ಲೇಖಕರು ಇಲ್ಲಿ ಒಂದು ಆಕ್ಷೇಪ ಎತ್ತಬಹುದು: ಹಾಗಾದರೆ ಒಂದು ವಚನ ಒಬ್ಬ ಸಭಾಪಾಲಕನ ದಾರಿಯನ್ನು ತಿರುಗಿಸಿದ್ದೇ ಇಲ್ಲವೇ? ತಿರುಗಿಸಿದೆ. ಡೀಟ್ರಿಕ್ ಬಾನ್‌ಹಾಫರನ ವಿಷಯವನ್ನು ಎಲ್ಲರೂ ಉದಾಹರಿಸುತ್ತಾರೆ. ಹಿಟ್ಲರನ ಆಡಳಿತವನ್ನು ವಿರೋಧಿಸಿ ನಿಂತ ಈ ಜರ್ಮನ್ ಸಭಾಪಾಲಕ 1939ರ ಜೂನ್‌ನಲ್ಲಿ, ಗೆಳೆಯರ ಆಹ್ವಾನದ ಮೇಲೆ, ನ್ಯೂಯಾರ್ಕಿಗೆ ಹೋದ. ಅಲ್ಲಿ ಸುರಕ್ಷಿತವಾದ ಕೆಲಸ ಕಾದಿತ್ತು. ಅಲ್ಲಿಯೂ ಪ್ರತಿದಿನ, ಊರಿನಲ್ಲಿ ತನ್ನವರು ಓದುತ್ತಿದ್ದ ಅದೇ ಹೆರ್ನ್‌ಹುಟ್ಟಿನ ದಿನವಚನವನ್ನು ಓದುತ್ತಿದ್ದ. ಜೂನ್ 26ರಂದು ತಿಮೊಥೆಯನಿಗೆ ಬರೆದ ಎರಡನೆಯ ಪತ್ರದ ಕೊನೆಯಲ್ಲಿ ಬರುವ, ಚಳಿಗಾಲಕ್ಕೆ ಮುಂಚೆ ಬರುವುದಕ್ಕೆ ಪ್ರಯತ್ನಿಸು ಎಂಬ ಅಪೊಸ್ತಲ ಪೌಲನ ಮಾತು ಕಣ್ಣಿಗೆ ಬಿತ್ತು. ಅದನ್ನು ತನಗೇ ಹೇಳಿದ್ದೆಂದು ತೆಗೆದುಕೊಂಡರೆ ಅದು ಶಾಸ್ತ್ರದ ದುರ್ಬಳಕೆಯಾಗದು ಎಂಬರ್ಥದಲ್ಲಿ ದಿನಚರಿಯಲ್ಲಿ ಬರೆದುಕೊಂಡ. ಜುಲೈ ಮೊದಲ ವಾರ ಜರ್ಮನಿಗೆ ಮರಳಲು ಹಡಗು ಹತ್ತಿದ. 1945ರ ಏಪ್ರಿಲ್ 9ರಂದು ಫ್ಲಾಸೆನ್‌ಬುರ್ಗಿನ ಸೆರೆಶಿಬಿರದಲ್ಲಿ ಅವನನ್ನು ಗಲ್ಲಿಗೇರಿಸಿದರು.

ಇದನ್ನು ಪ್ರಸಂಗದಲ್ಲಿ ಹೇಳುವಾಗ ನಾವು ಬಿಟ್ಟುಬಿಡುವುದು ಒಂದು ಸಣ್ಣ ತಾರೀಖನ್ನು. ಅಮೆರಿಕದ ಆ ಕೆಲಸವನ್ನು ಅವನು ಬೇಡವೆಂದು ಹೇಳಿದ್ದು ಜೂನ್ 20ರಂದು. ಚಳಿಗಾಲದ ವಚನ ಬಂದದ್ದು ಆರು ದಿನಗಳ ನಂತರ. ಅಂದರೆ ವಚನ ನಿರ್ಧಾರವನ್ನು ಕೊಡಲಿಲ್ಲ. ನೊಂದು ಕಾದು ಮಾಡಿದ ನಿರ್ಧಾರವನ್ನು ಬಂದು ಮುಟ್ಟಿತು. ತಾನು ಈ ತೀರ್ಮಾನಕ್ಕೆ ಬಂದದ್ದರ ನಿಜವಾದ ಕಾರಣಗಳು ತನಗೇ ಪೂರ್ತಿ ತಿಳಿಯವು ಎಂದು ಕೂಡ ಅವನು ಆ ದಿನಗಳಲ್ಲಿ ಬರೆದುಕೊಂಡಿದ್ದಾನೆ. ಕರ್ತನು ನನಗೆ ಸ್ಪಷ್ಟವಾಗಿ ಮಾತಾಡಿದ್ದಾನೆ ಎಂದು ಸಭಾಸಮಿತಿಯ ಮುಂದೆ ಎದೆಯುಬ್ಬಿಸಿ ಹೇಳಿದ ನನಗೂ, ಸಾವಿನತ್ತ ಮರಳುವಾಗಲೂ ತನ್ನ ಮನಸ್ಸಿನ ಮೇಲೆ ಸಂಶಯಪಟ್ಟುಕೊಂಡ ಆ ಮನುಷ್ಯನಿಗೂ ಇರುವ ಅಂತರ ಇಲ್ಲಿದೆ. ಅವನಿಗೆ ಬಂದ ವಚನ ಅವನನ್ನು ಕಷ್ಟದ ಕಡೆಗೆ ಕರೆಯಿತು. ನನಗೆ ಬಂದದ್ದು ನಲ್ಲಿನೀರಿರುವ ಊರಿಗೆ.

ಅವನಿಗೆ ಆ ಕಿವಿ ಬಂದದ್ದಾದರೂ ಎಲ್ಲಿಂದ? 1935ರಿಂದ 1937ರವರೆಗೆ, ಹಿಟ್ಲರನ ಗುಪ್ತ ಪೊಲೀಸರಾದ ಗೆಸ್ಟಾಪೊ ಮುಚ್ಚಿಸುವ ತನಕ, ಫಿಂಕೆನ್‌ವಾಲ್ಡೆ ಎಂಬ ಊರಿನಲ್ಲಿ ಅವನು ಯುವ ಸಭಾಪಾಲಕರಿಗೆ ತರಬೇತಿ ಕೊಡುತ್ತಿದ್ದ. ದಿನಕ್ಕೆ ಅರ್ಧ ಗಂಟೆ ಮೌನಧ್ಯಾನ. ಒಂದು ಚಿಕ್ಕ ಭಾಗವನ್ನೇ ವಾರವಿಡೀ ಓದಬೇಕು. ಮುಂದಿನ ಪ್ರಸಂಗಕ್ಕೆ ಸಾಮಗ್ರಿ ಹುಡುಕಬಾರದು. ಶಿಷ್ಯರು ಗೊಣಗಿದರಂತೆ. ಗೊಣಗದೆ ಏನು ಮಾಡಿಯಾರು? ಪ್ರಸಂಗಕ್ಕೆ ಉಪಯೋಗವಾಗದ ಬೈಬಲ್ ಓದು ಒಬ್ಬ ಸಭಾಪಾಲಕನಿಗೆ ಎಷ್ಟು ಕಷ್ಟವೆಂಬುದು ಹೊರಗಿನವರಿಗೆ ತಿಳಿಯದು. ಹತ್ತು ನಿಮಿಷ ಕೂತರೆ ಸಾಕು, ಮೂರು ಅಂಶಗಳು ಹೊಳೆಯುತ್ತವೆ, ಒಂದು ದೃಷ್ಟಾಂತ ನೆನಪಾಗುತ್ತದೆ, ಪೆನ್ನು ಕೈಗೆ ಬರುತ್ತದೆ, ಧ್ಯಾನ ಅಲ್ಲಿಗೆ ಮುಗಿಯಿತು. ವಚನವನ್ನು ನಾವು ಕೇಳಿಸಿಕೊಳ್ಳುವ ಮೊದಲೇ ಇನ್ನೊಬ್ಬರಿಗೆ ಬಡಿಸಲು ತಯಾರಾಗಿರುತ್ತೇವೆ. ಲೇಖಕರ ಉಪದೇಶದಲ್ಲಿಯೂ ಇದೇ ಕೊರತೆ: ಧ್ಯಾನದಿಂದ ಏನಾದರೂ ಹೊರಬರಲೇಬೇಕು ಎಂಬ ಹಟ.

ನೇಕಾರ ಹಿರಿಯರ ಆ ಮಾತಿನ ನಂತರ ನಾನು ಒಂದನ್ನು ಬಿಟ್ಟೆ, ಒಂದನ್ನು ಹಿಡಿದೆ. ಬೈಬಲನ್ನು ಸಿಕ್ಕಲ್ಲಿ ಬಿಚ್ಚುವುದನ್ನು ಬಿಟ್ಟೆ. ಅನುಕ್ರಮವಾಗಿ, ಒಂದು ಅಧ್ಯಾಯವನ್ನೂ ಹಾರಿಸದೆ ಓದುವುದನ್ನು ಹಿಡಿದೆ. ಆದಿಕಾಂಡದಿಂದ ಕೊನೆಯ ಪುಸ್ತಕವಾದ ಪ್ರಕಟನೆಯವರೆಗೆ ಹೋಗಿ ಮತ್ತೆ ಮೊದಲಿನಿಂದ. ಹೀಗೆ ಓದುವವನಿಗೆ ಇಂದಿನ ತನ್ನ ಸಮಸ್ಯೆಗೆ ತಕ್ಕ ವಚನವನ್ನು ಹುಡುಕುವ ಸ್ವಾತಂತ್ರ್ಯ ಇರುವುದಿಲ್ಲ. ತಿಂಗಳುಗಟ್ಟಲೆ ಏನೂ ಮಾತಾಡದ ದಿನಗಳಿರುತ್ತವೆ. ಬೈಬಲಿನ ಅರಣ್ಯಕಾಂಡದ ಮೂವತ್ತಮೂರನೆಯ ಅಧ್ಯಾಯದಲ್ಲಿ ಇಸ್ರಾಯೇಲ್ಯರು ಡೇರೆ ಹಾಕಿದ ಊರುಗಳ ಪಟ್ಟಿಯಿದೆ: ಅಲ್ಲಿಂದ ಹೊರಟು ಇಲ್ಲಿಳಿದರು, ಇಲ್ಲಿಂದ ಹೊರಟು ಅಲ್ಲಿಳಿದರು. ಹೆಚ್ಚಿನ ಊರುಗಳಲ್ಲಿ ಏನಾಯಿತೆಂದು ಒಂದು ಮಾತೂ ಇಲ್ಲ. ಏಳು ಸಭೆಗಳಲ್ಲಿ ಸೇವೆ ಮಾಡಿ ಏಳು ಸಲ ಸಾಮಾನು ಕಟ್ಟಿದವನಿಗೆ ಆ ಅಧ್ಯಾಯ ಎಷ್ಟು ಆಪ್ತವಾಯಿತೆಂದರೆ, ಯಾವ ವಾಗ್ದಾನದ ಕಾರ್ಡಿನಲ್ಲೂ ಅದರ ಒಂದು ಸಾಲನ್ನೂ ನಾನು ಕಂಡಿಲ್ಲವೆಂಬುದು ವಿಚಿತ್ರವೆನ್ನಿಸುತ್ತದೆ.

ರಾತ್ರಿಯ ಪ್ರಾರ್ಥನೆಗೆ ನಾನು ಋಣಿಯಾಗಿರುವುದು ಮಂಗಳೂರಿನಲ್ಲಿ ಓದುವಾಗ ಪರಿಚಯವಾದ ಒಬ್ಬ ಕಥೊಲಿಕ್ ಗುರುಗಳಿಗೆ. 1878ರ ಕೊನೆಯ ದಿನ ಮಂಗಳೂರಿಗೆ ಬಂದಿಳಿದ ಯೇಸುಸಭೆಯ (ಜೆಸ್ವಿಟ್) ಪರಂಪರೆಯವರು ಅವರು. ಅವರ ಸಭೆಯ ಸ್ಥಾಪಕ ಇಗ್ನೇಷಿಯಸ್ ಲೊಯೊಲಾ ಕಲಿಸಿದ ದಿನಾಂತ್ಯದ ಆತ್ಮಶೋಧನೆಯನ್ನು ನನಗೆ ಬಹಳ ಸರಳವಾಗಿ ಹೇಳಿಕೊಟ್ಟರು: ಇಂದು ಯಾರನ್ನು ಕಂಡೆ, ಎಲ್ಲಿ ಮನಸ್ಸು ಹಗುರವಾಯಿತು, ಎಲ್ಲಿ ಬಿಗಿಯಿತು, ಎಲ್ಲಿ ನುಣುಚಿಕೊಂಡೆ. ನಾನು ಅದಕ್ಕಾಗಿ ಶಾಲೆಯ ಮಕ್ಕಳ ಇನ್ನೂರು ಪುಟದ ನೋಟ್‌ಬುಕ್ ಇಟ್ಟೆ. ಭೇಟಿ ಕೊಟ್ಟ ಮನೆಗಳ ಹೆಸರು ಮಾತ್ರ ಬರೆಯುತ್ತಿದ್ದೆ. ನಾಲ್ಕು ತಿಂಗಳಾದ ಮೇಲೆ ಒಂದು ರಾತ್ರಿ ಹಿಂದಕ್ಕೆ ಹಾಳೆ ತಿರುವಿದಾಗ, ಬಂದಿದ್ದ ಹೆಸರುಗಳಿಗಿಂತ ಬಾರದ ಒಂದು ಹೆಸರು ಎದ್ದು ಕಂಡಿತು. ದೇವಾಲಯದಿಂದ ಬಸ್‌ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲೇ ಇದ್ದ ಮನೆ. ಕ್ರಿಸ್ಮಸ್ಸಿನ ನನ್ನ ಪ್ರಸಂಗ ಉದ್ದವಾಯಿತೆಂದು ಎಲ್ಲರ ಮುಂದೆ ಹೇಳಿದವರ ಮನೆ. ಬೇಕೆಂದು ಬಿಟ್ಟಿರಲಿಲ್ಲ. ಆದರೆ ಆ ನಾಲ್ಕು ತಿಂಗಳಲ್ಲಿ ನನಗೇ ತಿಳಿಯದಂತೆ ಹಿಂದಿನ ಓಣಿಯಿಂದ ಬಸ್‌ಸ್ಟ್ಯಾಂಡಿಗೆ ಹೋಗುವ ಅಭ್ಯಾಸ ಮಾಡಿಕೊಂಡಿದ್ದೆ. ಮರುದಿನ ಹೋದೆ. ಅವರ ಹೆಂಡತಿ ಮೂರು ವಾರದಿಂದ ಹಾಸಿಗೆ ಹಿಡಿದಿದ್ದರು. ಸಭೆಯಲ್ಲಿ ನನ್ನನ್ನು ಬಿಟ್ಟು ಉಳಿದೆಲ್ಲರಿಗೂ ಗೊತ್ತಿತ್ತು.

ಸಭಾಪಾಲಕನ ಜೀವನದಲ್ಲಿ ದೇವರ ಚಿತ್ತ ಎಂಬುದು ಹೆಚ್ಚಾಗಿ ಈ ಮಟ್ಟದ್ದು ಎಂಬುದೇ ನಾನು ಹೇಳಬೇಕಾದ ಮಾತು. ಯಾವ ಊರಿಗೆ ಹೋಗಲಿ, ಯಾವ ಹುದ್ದೆಗೆ ನಿಲ್ಲಲಿ ಎಂಬ ದೊಡ್ಡ ಪ್ರಶ್ನೆಗಳು ಹತ್ತು ವರ್ಷಕ್ಕೊಮ್ಮೆ ಬರುತ್ತವೆ. ಯಾರ ಮನೆಗೆ ಹೋಗಿಲ್ಲ, ಯಾರ ಬಳಿ ಕ್ಷಮೆ ಕೇಳಿಲ್ಲ, ಯಾರ ಹಣದ ಲೆಕ್ಕ ಒಪ್ಪಿಸಿಲ್ಲ ಎಂಬವು ದಿನಾಲೂ ಇರುತ್ತವೆ. ಅವುಗಳ ವಿಷಯದಲ್ಲಿ ದೇವರ ಚಿತ್ತವೇನೆಂದು ಕೇಳಲು ಮೊಣಕಾಲೂರಬೇಕಾಗಿಯೇ ಇಲ್ಲ, ಅದು ಮೊದಲೇ ಗೊತ್ತಿದೆ. ಗೊತ್ತಿರುವುದನ್ನು ಮಾಡದೆ ಗೊತ್ತಿಲ್ಲದ್ದನ್ನು ತಿಳಿಸು ಎಂದು ಪ್ರಾರ್ಥಿಸುವುದಕ್ಕೆ ನಮ್ಮ ಕಡೆ ಬೇರೊಂದು ಹೆಸರಿದೆ, ಪತ್ರಿಕೆಯಲ್ಲಿ ಬರೆಯುವಂಥದ್ದಲ್ಲ.

ಇಗ್ನೇಷಿಯಸನ ಇನ್ನೊಂದು ನಿಯಮವನ್ನು ನಮ್ಮ ಸಭಾಪ್ರಾಂತ್ಯಗಳ ಎಲ್ಲ ಸಭಾಪಾಲಕರ ಮನೆಯ ಗೋಡೆಗೂ ಬರೆಸಬೇಕೆಂದು ನನಗೆ ಆಸೆಯಿತ್ತು. ಮನಸ್ಸು ಕತ್ತಲೆಯಲ್ಲಿರುವಾಗ, ಬೆಳಕಿದ್ದಾಗ ಮಾಡಿದ ನಿರ್ಧಾರವನ್ನು ಬದಲಾಯಿಸಬಾರದು ಎಂಬುದು ಆ ನಿಯಮ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಸಭಾಸಮಿತಿಯಲ್ಲಿ ಜಗಳವಾದ ರಾತ್ರಿ ರಾಜೀನಾಮೆ ಬರೆಯಬಾರದು. ನಾನು ಎರಡು ಸಲ ಬರೆದಿದ್ದೇನೆ. ಎರಡು ಸಲವೂ ಬೆಳಿಗ್ಗೆ ನನ್ನ ಹೆಂಡತಿ ಅದನ್ನು ಅಂಚೆಗೆ ಹಾಕದೆ ಹಾಲಿನವನ ಲೆಕ್ಕದ ಚೀಟಿಗಳ ಜೊತೆ ಇಟ್ಟಿದ್ದಳು. ಆಕೆ ಇಗ್ನೇಷಿಯಸನ ಹೆಸರು ಕೇಳಿದವಳಲ್ಲ.

ಒಬ್ಬನೇ ಕೂತು ಕೇಳಿಸಿಕೊಂಡದ್ದನ್ನು ಒಬ್ಬನೇ ತೀರ್ಮಾನಿಸಬಾರದೆಂಬುದಕ್ಕೆ ಬೈಬಲಿನ ಅಪೊಸ್ತಲರ ಕೃತ್ಯಗಳ ಹದಿನಾರನೆಯ ಅಧ್ಯಾಯ ಸಾಕು. ಪೌಲನಿಗೆ ಇಂದಿನ ಟರ್ಕಿಯಲ್ಲಿದ್ದ ಆಸ್ಯ ಪ್ರಾಂತ್ಯದಲ್ಲಿ ವಾಕ್ಯ ಸಾರಲು ತಡೆಯಾಯಿತು, ಬಿಥೂನ್ಯಕ್ಕೆ ಹೋಗಲೂ ಆಗಲಿಲ್ಲ. ಎರಡು ಬಾಗಿಲು ಮುಚ್ಚಿದ ಮೇಲೆ ತ್ರೋವ ಎಂಬ ಊರಿನಲ್ಲಿ ರಾತ್ರಿ ದರ್ಶನವಾಯಿತು, ಮಕೆದೋನ್ಯದವನೊಬ್ಬ ಬಂದು ನಮಗೆ ನೆರವಾಗು ಎಂದ. ದರ್ಶನ ಕಂಡವನು ಪೌಲನೊಬ್ಬನೇ. ಆದರೆ ಮುಂದಿನ ವಚನದಲ್ಲಿ ಇದ್ದಕ್ಕಿದ್ದಂತೆ 'ನಾವು' ಬರುತ್ತದೆ: ದೇವರು ನಮ್ಮನ್ನು ಕರೆದಿದ್ದಾನೆಂದು ನಾವು ನಿಶ್ಚಯಿಸಿಕೊಂಡೆವು. ಅಲ್ಲಿರುವ ಗ್ರೀಕ್ ಕ್ರಿಯಾಪದಕ್ಕೆ ಬಿಡಿಬಿಡಿಯಾದವನ್ನು ಒಟ್ಟುಗೂಡಿಸಿ ನೋಡುವುದು ಎಂಬ ಅರ್ಥವಿದೆ. ಮುಚ್ಚಿದ ಬಾಗಿಲು, ಒಂದು ಕನಸು, ನಾಲ್ಕು ಜನರ ವಿವೇಕ, ಇಷ್ಟನ್ನೂ ಕೂಡಿಸಿದರು. ಹೋದ ಮೇಲೆ ಆದದ್ದಾದರೂ ಏನು? ದರ್ಶನದಲ್ಲಿ ಕರೆದವನು ಗಂಡಸು; ಮಕೆದೋನ್ಯದ ಫಿಲಿಪ್ಪಿ ಎಂಬ ಊರಿನ ನದೀತೀರದಲ್ಲಿ ಸಿಕ್ಕವರು ಪ್ರಾರ್ಥನೆಗೆ ಕೂಡಿದ್ದ ಹೆಂಗಸರು, ಅವರಲ್ಲಿ ಬಟ್ಟೆ ವ್ಯಾಪಾರದ ಲುದ್ಯ. ಕೆಲವೇ ದಿನಗಳಲ್ಲಿ ಛಡಿಯೇಟು, ಸೆರೆಮನೆ. ಸರಿಯಾಗಿ ಕೇಳಿಸಿಕೊಂಡವರಿಗೂ ಕಂಡದ್ದೊಂದು, ಸಿಕ್ಕಿದ್ದು ಇನ್ನೊಂದು.

ನಮ್ಮ ನಾಡಿನ ಚರಿತ್ರೆಯಲ್ಲಿಯೂ ಇದಕ್ಕೆ ಸಾಕ್ಷಿಗಳಿವೆ. 1834ರಲ್ಲಿ ಮಂಗಳೂರಿಗೆ ಬಂದ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನವರು, ಹೆರ್ನ್‌ಹುಟ್ಟಿಗೆ ಹತ್ತಿರದ ಕ್ರೈಸ್ತ ಭಕ್ತಿಪಂಥದಲ್ಲಿ ಬೆಳೆದು, ವಚನ ಓದದೆ ದಿನ ಆರಂಭಿಸದವರು. ಜೊತೆಗೆ ಯಾವ ಊರಿಗೆ ಹೋಗಬೇಕು, ಯಾವಾಗ ಮದುವೆಯಾಗಬಹುದು ಎಂಬುದನ್ನು ದೂರದ ಬಾಸೆಲಿನ ಕಮಿಟಿಯಿಂದ ಕೇಳಿ ತಿಳಿಯಬೇಕಾಗಿದ್ದವರು. ಆ ಕಮಿಟಿಯ ಬಿಗಿಯನ್ನು ನಾನು ಹೊಗಳಲಾರೆ. ಆದರೂ ಅದರೊಳಗೇ ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆಯನ್ನು ಹೊರತಂದರು, ಈ ಪತ್ರ ಅಚ್ಚಾಗುವುದೂ ಒಂದು ಬಗೆಯಲ್ಲಿ ಅವರ ಕೃಪೆಯಿಂದ. 1853ರಲ್ಲಿ ಬಂದ ಕಿಟ್ಟೆಲರು 1894ರಲ್ಲಿ ಎಪ್ಪತ್ತು ಸಾವಿರದಷ್ಟು ಪದಗಳ ನಿಘಂಟನ್ನು ಮುಗಿಸಿದರು. ನಿಘಂಟು ಬರೆ ಎಂಬ ವಚನ ಬೈಬಲಿನಲ್ಲಿ ಎಲ್ಲಿಯೂ ಇಲ್ಲ. ಕಾರ್ಡು ಎತ್ತಿ ದಾರಿ ಕಾಣುವವರಾಗಿದ್ದರೆ ಅವರು ಆ ಕೆಲಸಕ್ಕೆ ಕೈಹಾಕುತ್ತಲೇ ಇರಲಿಲ್ಲ. ಬೆಳಿಗ್ಗೆ ಓದಿದ್ದು ಮನುಷ್ಯನನ್ನು ರೂಪಿಸಿತು, ಆ ಮನುಷ್ಯ ಹಗಲಿನಲ್ಲಿ ಎದುರಿಗಿದ್ದ ಕೆಲಸವನ್ನು ಕಂಡ.

ಕೊನೆಗೆ, ಗೇಲಿ ಮಾಡಿದ ಓದುಗರಿಗೆ ನೇರವಾಗಿ ಸೇರಬೇಕಾದ ಒಂದು ಮಾತಿದೆ. ಅವರ ಪತ್ರದ ಕೊನೆಯ ಸಾಲಿನಲ್ಲಿ, ತಮ್ಮ ಮನೆಯಲ್ಲಿ ಸಾವಾದಾಗ ಪಾದ್ರಿಯೊಬ್ಬರು ಇದು ದೇವರ ಚಿತ್ತ ಎಂದರೆಂದೂ, ಅಂದಿನಿಂದ ತಾವು ಆ ದೇವರ ಗೊಡವೆಗೆ ಹೋಗಿಲ್ಲವೆಂದೂ ಬರೆದಿದ್ದರು. ಆ ಪಾದ್ರಿ ನಾನಲ್ಲ, ಆದರೆ ನಾನೂ ಆಗಿರಬಹುದಿತ್ತು. ಮೂರು ವರ್ಷದ ಮಗುವನ್ನು ಮಣ್ಣು ಮಾಡಿ ಬಂದ ಮನೆಯ ಕಟ್ಟೆಯ ಮೇಲೆ, ಮಾತಿಲ್ಲದ ಆ ಬಿಗಿಯನ್ನು ತಾಳಲಾರದೆ, ನಾನೂ ಒಮ್ಮೆ ಹಾಗೆಯೇ ಅಂದಿದ್ದೇನೆ. ಮಗುವಿನ ತಾಯಿ ತಲೆಯೆತ್ತಿ ಒಮ್ಮೆ ನೋಡಿ ಒಳಗೆ ಹೋದರು. ಅಂದು ನನಗೆ ಹೊಳೆಯದೆ ಇದ್ದದ್ದು ಬಹಳ ವರ್ಷಗಳ ಮೇಲೆ, ಕ್ರಮದ ಓದಿನಲ್ಲಿ, ಶಿಲುಬೆಗೇರುವ ಹಿಂದಿನ ರಾತ್ರಿ ಯೇಸು ಪ್ರಾರ್ಥಿಸಿದ ಗೆತ್ಸೇಮನೆ ತೋಟ ಬಂದಾಗ ಹೊಳೆಯಿತು. ನನ್ನ ಚಿತ್ತವಲ್ಲ, ನಿನ್ನ ಚಿತ್ತವೇ ಆಗಲಿ ಎಂಬ ಪ್ರಾರ್ಥನೆಯನ್ನು ಮಾಡಿದವನು ಸ್ವತಃ ನೋವು ಉಣ್ಣಲಿದ್ದವನು. ಅದನ್ನು ಅವನು ತನ್ನ ವಿಷಯದಲ್ಲಿ ಹೇಳಿಕೊಂಡ, ಅದೂ ಈ ಪಾತ್ರೆಯನ್ನು ತೊಲಗಿಸು ಎಂದು ಮೊದಲು ಬೇಡಿಕೊಂಡ ಮೇಲೆ. ತೀರಿಹೋದ ಗೆಳೆಯ ಲಾಜರನ ಮನೆಯವರು ಅಳುತ್ತಿದ್ದಾಗ ಅವನು ಆ ಮಾತನ್ನು ಅವರಿಗೆ ಹೇಳಲಿಲ್ಲ, ತಾನೂ ಅತ್ತ. ದೇವರ ಚಿತ್ತ ಎಂಬುದು ಒಬ್ಬನು ತನ್ನ ಬಗ್ಗೆ ಮೊಣಕಾಲೂರಿ ಹೇಳಿಕೊಳ್ಳಬೇಕಾದ ಮಾತು. ಇನ್ನೊಬ್ಬರ ದುಃಖದ ಮೇಲೆ ನಿಂತು ಕೊಡುವ ತೀರ್ಪಲ್ಲ. ಆ ಓದುಗರ ಮನೆಯಲ್ಲಿ ನನ್ನ ವೃತ್ತಿಬಂಧು ಮಾಡಿದ ತಪ್ಪಿಗೆ, ಮತ್ತು ನಾನು ಬೇರೊಂದು ಮನೆಯಲ್ಲಿ ಮಾಡಿದ್ದಕ್ಕೆ, ಈ ಅಂಕಣದ ಮೂಲಕವೇ ಕ್ಷಮೆ ಕೇಳುತ್ತೇನೆ.

ಲೇಖಕರ ಮೇಲೆ ನನಗೆ ಸಿಟ್ಟಿಲ್ಲ. ಬೆಳಿಗ್ಗೆ ಅರ್ಧ ಗಂಟೆ ಮೊದಲೇ ಏಳಿರಿ ಎಂದು ಹೇಳುವವರೇ ಕಡಿಮೆಯಾಗಿರುವಾಗ ಅವರು ಅಷ್ಟನ್ನಾದರೂ ಹೇಳಿದರು. ಎದ್ದ ಮೇಲೆ ಏನೂ ಸಿಗದಿದ್ದರೂ ಮರುದಿನ ಮತ್ತೆ ಏಳಿರಿ ಎಂದೂ ಸೇರಿಸಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ.

ಒಂದು ಸಣ್ಣ ಕೋರಿಕೆಯೂ ಇದೆ. ಮುದ್ರಣಾಲಯಗಳು ಈಗಾಗಲೇ ಡಿಸೆಂಬರಿನ ವಾಗ್ದಾನದ ಕಾರ್ಡುಗಳ ಕೆಲಸಕ್ಕೆ ತೊಡಗಿರುತ್ತವೆ. ಹೂವಿನ ಚಿತ್ರ ಇರಲಿ, ಬೇಡವೆನ್ನುವುದಿಲ್ಲ. ವಚನದ ಕೆಳಗೆ ಇರುವೆಯಷ್ಟು ಚಿಕ್ಕದಾಗಿ ಹಾಕುವ ಅಧ್ಯಾಯ ಮತ್ತು ವಚನದ ಸಂಖ್ಯೆಯನ್ನು, ಕನ್ನಡಕವಿಲ್ಲದೆಯೂ ಕಾಣುವಷ್ಟು ದೊಡ್ಡದಾಗಿ ಅಚ್ಚುಹಾಕಬೇಕು. ಸಾಧ್ಯವಾದರೆ, ಹಿಂದಿನ ವಚನವನ್ನೂ ಓದಿ ಎಂದು ಅದರ ಪಕ್ಕದಲ್ಲಿ ಒಂದು ಸಾಲು ಸೇರಿಸಬೇಕು.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಸಭಾಪಾಲಕ, ಧಾರವಾಡ